ಅಡುಗೆಮನೆಯ ನೆಲ, ಎಂಟರ ಲೆಕ್ಕ

ಐರ್ಲೆಂಡಿನ ಕ್ಲೇರ್ ಕೌಂಟಿಯ ಎನ್ನಿಸ್ ಪೇಟೆಯಿಂದ ಪಶ್ಚಿಮಕ್ಕೆ ಹೊರಟರೆ ಸಮುದ್ರ ಕಾಣುವ ತನಕ ದಾರಿಯ ಎರಡೂ ಕಡೆ ಹುಲ್ಲುಗಾವಲೇ. ಕಲ್ಲು ಜೋಡಿಸಿದ ಪಾಗಾರ, ಅದರಾಚೆ ದನ, ದನದ ಬೆನ್ನ ಮೇಲೆ ಬಿಟ್ಟೂ ಬಿಡದ ಜಿಟಿಜಿಟಿ ಮಳೆ. ಹಿಂದೆ ಈ ದಿಕ್ಕಿಗೆ ವೆಸ್ಟ್ ಕ್ಲೇರ್ ರೈಲ್ವೆ ಎಂಬ ಕಿರುಹಳಿಯ ರೈಲು ಓಡುತ್ತಿತ್ತು. 1961ರಲ್ಲಿ ಅದು ನಿಂತುಹೋಯಿತು. ಈಗ ಬಸ್ಸು ಹಿಡಿಯಬೇಕು, ಇಲ್ಲವೇ ಯಾರಾದರೂ ಕಾರಿನಲ್ಲಿ ಕರೆದೊಯ್ಯಬೇಕು. ಡಬ್ಲಿನ್ನಿನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ನನಗಾಗಿ ರಜೆ ಹಾಕಿ ಬಂದಿದ್ದಳು. "ದೊಡ್ಡಮ್ಮ, ಇಲ್ಲಿಗೆ ಬಂದವರೆಲ್ಲ ಮೊಹರ್ ಬಂಡೆ ನೋಡೋಕೆ ಹೋಗ್ತಾರೆ. ನೀನು ಪಿಟೀಲು ಕೇಳೋಕೆ ಹೊರಟಿದ್ದೀಯಲ್ಲ," ಎಂದಳು. ಬಂಡೆಗಳನ್ನೂ ನೋಡಿದೆವು. ಆ ಮಾತು ಇಲ್ಲಿ ಬೇಡ.

ನಾವು ಹೊರಟದ್ದು ಮಿಲ್‌ಟೌನ್ ಮಾಲ್‌ಬೇಗೆ. ಅದು ಒಂದೇ ಮುಖ್ಯ ಬೀದಿಯ ಊರು. ಪಕ್ಕದ ಕಡಲತೀರಕ್ಕೆ ಸ್ಪ್ಯಾನಿಷ್ ಪಾಯಿಂಟ್ ಎಂಬ ಹೆಸರು ಬಂದದ್ದು 1588ರಲ್ಲಿ ಸ್ಪೇನಿನ ನೌಕಾಪಡೆಯ ಹಡಗುಗಳು ಆ ದಂಡೆಯಲ್ಲಿ ಒಡೆದು ಹೋದದ್ದರಿಂದ. ವರ್ಷವಿಡೀ ದನ, ಹುಲ್ಲು, ಮಳೆ ಎಂದು ತನ್ನ ಪಾಡಿಗಿರುವ ಈ ಊರು ಜುಲೈ ತಿಂಗಳ ಆರಂಭದಲ್ಲಿ ಒಂದು ವಾರ ಬೇರೆಯೇ ಊರಾಗುತ್ತದೆ. ಬೆನ್ನಿಗೆ ಪಿಟೀಲಿನ ಪೆಟ್ಟಿಗೆ ಕಟ್ಟಿಕೊಂಡ ಮಕ್ಕಳು, ಕೈಯಲ್ಲಿ ಪುಟ್ಟ ಆರುಮೂಲೆಯ ಕಾನ್ಸರ್ಟಿನಾ ಹಿಡಿದ ಅಜ್ಜಿಯರು, ಜಪಾನಿನಿಂದಲೂ ಅಮೆರಿಕದಿಂದಲೂ ಬಂದ ಕೊಳಲಿನವರು. ಶಾಲೆಯ ಕೋಣೆ, ಮನೆಗಳ ಹಜಾರ, ಹಾಲ್, ಹೋಟೆಲು, ಎಲ್ಲೆಂದರಲ್ಲಿ ಪಾಠ ನಡೆಯುತ್ತದೆ. ಇದು ವಿಲೀ ಕ್ಲ್ಯಾನ್ಸಿ ಬೇಸಿಗೆ ಶಾಲೆ.

ವಿಲೀ ಕ್ಲ್ಯಾನ್ಸಿ ಈ ಊರಿನ ಬಡಗಿ. 1918ರಲ್ಲಿ ಹುಟ್ಟಿ 1973ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಗೆಳೆಯರು ಸೇರಿ ಈ ಶಾಲೆ ಶುರುಮಾಡಿದರು. ಅವರು ನುಡಿಸುತ್ತಿದ್ದದ್ದು ಇಲನ್ ಪೈಪ್ಸ್ ಎಂಬ ಚೀಲವಾದ್ಯ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನ ಹಾಗೆ ಇದನ್ನು ಬಾಯಿಂದ ಊದುವುದಿಲ್ಲ. ಒಂದು ಮೊಣಕೈ ಕೆಳಗೆ ಪುಟ್ಟ ತಿದಿ, ಇನ್ನೊಂದರ ಕೆಳಗೆ ಚೀಲ. ತಿದಿ ಒತ್ತಿ ಚೀಲಕ್ಕೆ ಗಾಳಿ ತುಂಬಿ, ಚೀಲ ಒತ್ತಿ ಕೊಳವೆಗೆ ಉಸಿರು ಕೊಡಬೇಕು. ಎರಡು ಸ್ಥಾಯಿಯ ನುಡಿಸುವ ಕೊಳವೆ, ಶ್ರುತಿ ಹಿಡಿಯುವ ಕೊಳವೆಗಳು, ಮಣಿಕಟ್ಟಿನ ಅಂಚಿನಿಂದ ಒತ್ತಿ ಸ್ವರಗುಚ್ಛ ಹೊರಡಿಸುವ ಕೀಲಿಗಳು, ಎಲ್ಲವೂ ಒಬ್ಬನ ತೊಡೆಯ ಮೇಲೆ. ಆದ್ದರಿಂದ ಕುಳಿತೇ ನುಡಿಸಬೇಕು. ಮೆರವಣಿಗೆಯಲ್ಲಿ ಹೋಗುವ ವಾದ್ಯವಲ್ಲ ಇದು, ಮನೆಯೊಳಗಿನ ವಾದ್ಯ. 2017ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಳಗಿನ ಪಿಟೀಲು ಪಾಠವೊಂದರಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ಅನುಮತಿ ಸಿಕ್ಕಿತು. ಮಕ್ಕಳ ಮುಂದೆ ಪುಸ್ತಕವಿರಲಿಲ್ಲ. ಮೇಷ್ಟ್ರು ಎರಡು ಆವರ್ತ ನುಡಿಸುತ್ತಾರೆ, ಮಕ್ಕಳು ಅದನ್ನೇ ಮರಳಿಸುತ್ತಾರೆ. ಮತ್ತೆರಡು, ಮತ್ತೆ ಮರಳಿ. ಕೈ ತೊಡಕಿದಲ್ಲಿ ಅವರು ಪಿಟೀಲು ಕೆಳಗಿಟ್ಟು ಬಾಯಲ್ಲೇ ಆ ತುಂಡನ್ನು ಅರ್ಥವಿಲ್ಲದ ಅಕ್ಷರಗಳಲ್ಲಿ ಹೇಳಿಕೊಡುತ್ತಿದ್ದರು. ಇದಕ್ಕೆ ಲಿಲ್ಟಿಂಗ್ ಎನ್ನುತ್ತಾರೆ. ವಾದ್ಯ ಕೊಳ್ಳುವ ಶಕ್ತಿಯಿಲ್ಲದ ಮನೆಗಳಲ್ಲಿ ಒಬ್ಬರು ಹೀಗೆ ಬಾಯಲ್ಲೇ ಮಟ್ಟು ಹೇಳಿ ಉಳಿದವರನ್ನು ಕುಣಿಸುತ್ತಿದ್ದರಂತೆ. ಹೊನ್ನಾವರದ ಕಡೆ ಯಕ್ಷಗಾನದ ಬಾಯಿತಾಳ ಕೇಳಿ ಬೆಳೆದ ನನಗೆ ಆ ಕೋಣೆ ತಟ್ಟನೆ ಹತ್ತಿರವಾಯಿತು. ವಾದ್ಯಕ್ಕೆ ಮೊದಲು ಬಾಯಿ, ಬಾಯಿಗೂ ಮೊದಲು ಹೆಜ್ಜೆ ಎಂಬ ಕ್ರಮ ನಮ್ಮಲ್ಲಿಯೂ ಉಂಟಷ್ಟೆ.

ಅಂದು ಕಲಿಸಿದ್ದು ಜಿಗ್. ಮೂರು ಮೂರರ ಜೋಡಿ. ನಮ್ಮ ಕಿವಿಗೆ ತಿಶ್ರ ನಡೆ. ಮುಂದೆ ರೀಲ್ ಬಂತು, ನಾಲ್ಕರ ನಡೆ, ನೀರು ಇಳಿಜಾರಿನಲ್ಲಿ ಹರಿದ ಹಾಗೆ ನಿಲುಗಡೆಯೇ ಇಲ್ಲದ್ದು. ರೀಲ್ ಹದಿನೆಂಟನೆಯ ಶತಮಾನದ ಕೊನೆಗೆ ಸ್ಕಾಟ್ಲೆಂಡಿನಿಂದ ಬಂದು ಇಲ್ಲಿಯದೇ ಆಗಿಬಿಟ್ಟಿತು. ಹಾರ್ನ್‌ಪೈಪ್ ಕೂಡ ನಾಲ್ಕರದೇ, ಆದರೆ ಪ್ರತಿ ಜೋಡಿಯಲ್ಲೂ ಮೊದಲ ಸ್ವರಕ್ಕೆ ಭಾರ, ಎರಡನೆಯದಕ್ಕೆ ತುಸು ಕುಂಟು, ನಡಿಗೆ ನಿಧಾನ. ಇದು ಇಂಗ್ಲೆಂಡಿನಿಂದ ಬಂದದ್ದು. ಸ್ಲಿಪ್ ಜಿಗ್ ಎಂಬ ಇನ್ನೊಂದರಲ್ಲಿ ಮೂರರ ಗುಂಪು ಮೂರು ಸಲ. ಇಂದಿನ ಸ್ಪರ್ಧೆಗಳಲ್ಲಿ ಇದು ಹೆಚ್ಚಾಗಿ ಹುಡುಗಿಯರ, ಮೆತ್ತನೆ ಪಾದರಕ್ಷೆಯ ಕುಣಿತ. ಹೆಸರು, ನಡೆ ಬೇರೆಯಾದರೂ ಇವುಗಳಲ್ಲಿ ಹೆಚ್ಚಿನವುಗಳ ಕಟ್ಟಡ ಒಂದೇ: ಎಂಟು ಆವರ್ತದ ಒಂದು ಭಾಗ, ಅದೇ ಇನ್ನೊಮ್ಮೆ; ತುಸು ಮೇಲಿನ ಸ್ವರಗಳಲ್ಲಿ ಎಂಟರ ಎರಡನೆಯ ಭಾಗ, ಅದೂ ಇನ್ನೊಮ್ಮೆ. ಒಟ್ಟು ಮೂವತ್ತೆರಡು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಈ ಮರುಕಳಿಕೆ ನನ್ನನ್ನು ಬಹಳ ಕಾಡಿತ್ತು. ನಮ್ಮ ಸಂಗೀತದಲ್ಲಿ ಒಂದು ಸಾಲನ್ನು ಮತ್ತೆ ಹಾಡಿದರೆ ಅದರಲ್ಲೊಂದು ಸಂಗತಿ ಬೆಳೆಯಬೇಕು. ಇಲ್ಲಿಯೂ ಒಳ್ಳೆಯ ವಾದಕರು ಎರಡನೆಯ ಸಲ ಒಂದು ಸ್ವರ ಹೊರಳಿಸುತ್ತಾರೆ, ಒಂದು ಕಂಪನ ಸೇರಿಸುತ್ತಾರೆ. ಆದರೆ ಮಟ್ಟು ಎಂಟನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗುವುದಿಲ್ಲ. ಯಾಕೆ ಎಂಟು, ಯಾಕೆ ಎರಡೆರಡು ಸಲ? ಪಾಠ ಮುಗಿದ ಮೇಲೆ ಮೇಷ್ಟ್ರನ್ನೇ ಕೇಳಿದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಎದ್ದು ನಿಂತು, ಮಟ್ಟನ್ನು ಗುನುಗುತ್ತ, ಬಲಗಾಲಿನಿಂದ ಶುರುಮಾಡಿ ಎಂಟು ಆವರ್ತದ ಒಂದು ಕುಣಿತ ಕುಣಿದರು. ಆಮೇಲೆ ಅದೇ ಕುಣಿತವನ್ನು ಎಡಗಾಲಿನಿಂದ ಶುರುಮಾಡಿ ಇನ್ನೊಮ್ಮೆ ಕುಣಿದರು. ಬಲಗಾಲು ಮಾಡಿದ್ದನ್ನು ಎಡಗಾಲು ಮಾಡಿ ತೋರಿಸದ ಹೊರತು ಆ ಪಾಠ ಪೂರ್ತಿಯಾಗದು. ಮಟ್ಟು ಮರಳುವುದು ಎಡಗಾಲಿಗಾಗಿ.

ಆ ಕ್ಷಣದಿಂದ ನನಗೆ ಐರಿಷ್ ಸಂಗೀತ ಬೇರೆಯಾಗಿ ಕೇಳಿಸತೊಡಗಿತು. ಸಾವಿರಾರು ಮಟ್ಟುಗಳಿವೆ, ಹೆಚ್ಚಿನವನ್ನು ಯಾರು ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವುಗಳ ಅಳತೆಯನ್ನು ಗೊತ್ತುಮಾಡಿದ್ದು ಪಿಟೀಲಿನ ಕೈಯಲ್ಲ, ನೆಲದ ಮೇಲಿದ್ದ ಕಾಲು.

ಕಾಲಿಗೆ ಕಲಿಸಿದವರು ಊರೂರು ಅಲೆಯುತ್ತಿದ್ದ ಕುಣಿತದ ಮೇಷ್ಟ್ರುಗಳು. 1770ರ ದಶಕದ ಕೊನೆಯಲ್ಲಿ ಐರ್ಲೆಂಡ್ ಸುತ್ತಿದ ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಪ್ರವಾಸಿ ಅವರನ್ನು ಕಂಡು ಬರೆದಿದ್ದಾನೆ: ಬಡವರ ಗುಡಿಸಲು ಗುಡಿಸಲಿಗೂ ಕುಣಿತದ ಮೇಷ್ಟ್ರು ಬರುತ್ತಿದ್ದರು, ಜೊತೆಗೆ ಒಬ್ಬ ಪೈಪಿನವನೋ ಕುರುಡ ಪಿಟೀಲುಗಾರನೋ ಇರುತ್ತಿದ್ದ, ಮೂರು ತಿಂಗಳ ಪಾಠಕ್ಕೆ ಆರು ಪೆನ್ಸ್ ಕೂಲಿ. ಎಡ ಬಲ ತಿಳಿಯದವರ ಒಂದು ಕಾಲಿಗೆ ಹುಲ್ಲಿನ ಹಗ್ಗ, ಇನ್ನೊಂದಕ್ಕೆ ಎಳೆಕೊಂಬೆಯ ನಾರು ಕಟ್ಟಿ ಅವುಗಳ ಹೆಸರು ಹಿಡಿದು ಹೆಜ್ಜೆ ಕಲಿಸುತ್ತಿದ್ದರು ಎಂಬ ಕಥೆಯನ್ನು ಕ್ಲೇರ್‌ನಲ್ಲಿ ಈಗಲೂ ಹೇಳುತ್ತಾರೆ. ಬುದ್ಧಿವಂತ ಶಿಷ್ಯರಿಗೆ ಈ ಮೇಷ್ಟ್ರುಗಳು ಒಂದೊಂದು ಮಟ್ಟಿಗೇ ಮೀಸಲಾದ ಒಂಟಿ ಕುಣಿತಗಳನ್ನು ಕಟ್ಟಿಕೊಟ್ಟರು. ಅವುಗಳಲ್ಲಿ ಮಾತ್ರ ಎಂಟರ ಲೆಕ್ಕ ಸಡಿಲುತ್ತದೆ. ಸೇಂಟ್ ಪ್ಯಾಟ್ರಿಕ್ಸ್ ಡೇ ಎಂಬ ಮಟ್ಟಿನಲ್ಲಿ ಮೊದಲ ಭಾಗ ಎಂಟು, ಎರಡನೆಯದು ಹದಿನಾಲ್ಕು. ಕುಣಿಯುವವನ ಜಾಣ್ಮೆಗೆ ತಕ್ಕಂತೆ ಸಂಗೀತ ತನ್ನ ಅಳತೆ ಬದಲಿಸಿಕೊಂಡಿದೆ.

ಕುಣಿತ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಕ್ಲೇರ್‌ನ ಹಳೆಯ ಮನೆಗಳಲ್ಲಿ ದೊಡ್ಡ ಕೋಣೆಯೆಂದರೆ ಅದೊಂದೇ: ಒಂದು ಗೋಡೆಗೆ ಒಲೆ, ನೆಲಕ್ಕೆ ಚಪ್ಪಡಿಕಲ್ಲು. ಒಲೆಯ ಮುಂದಿನ ಕಲ್ಲಿನ ಮೇಲೆ ಹೆಜ್ಜೆ ಬಿದ್ದರೆ ನಾದ ಹೊರಡಲೆಂದು ಅದರಡಿಯಲ್ಲಿ ಕುದುರೆಯ ತಲೆಬುರುಡೆ ಹೂಳುತ್ತಿದ್ದರಂತೆ. ಅತ್ಯುತ್ತಮ ಕುಣಿತಗಾರನಿಗೆ ಆ ಕಲ್ಲಿನ ಮೇಲೆ ಕುಣಿಯುವ ಗೌರವ. ಮೇಜು, ಬೆಂಚು ಹೊರಗೆ ಹೋಗುತ್ತಿದ್ದವು, ಪಿಟೀಲಿನವನು ಮೂಲೆಯಲ್ಲಿ, ನಾಲ್ಕು ಜೋಡಿ ಚೌಕವಾಗಿ ನಿಂತರೆ ಕೋಣೆ ತುಂಬಿತು. ಈ ಚೌಕದ ಕುಣಿತಕ್ಕೆ ಸೆಟ್ ಎನ್ನುತ್ತಾರೆ. ಅದರ ಬೇರು ಪ್ಯಾರಿಸ್ಸಿನ ಕ್ವಾಡ್ರಿಲ್ ಎಂಬ ಸಭಾನರ್ತನದಲ್ಲಿದೆ. ನೆಪೋಲಿಯನ್ ಕಾಲದ ಯುದ್ಧಗಳಿಂದ ಮರಳಿದ ಸೈನಿಕರು ಅದನ್ನು ತಂದರು, ಮೇಷ್ಟ್ರುಗಳು ಹಳ್ಳಿಗೆ ಹೊಂದಿಸಿದರು, ಹಳ್ಳಿಯವರು ಅದಕ್ಕೆ ತಮ್ಮ ರೀಲ್, ಜಿಗ್ ಹಾಕಿಕೊಂಡರು. ಸಭೆಯ ನಯವಾದ ನಡಿಗೆ ಇಲ್ಲಿ ಕಲ್ಲನ್ನು ಗುದ್ದುವ ಹೆಜ್ಜೆಯಾಯಿತು. ಆದರೂ ಬೇರು ಹೊರಗಿನದೆಂಬ ಕಾರಣಕ್ಕೆ, ಐರಿಷ್ ಭಾಷೆಯನ್ನು ಉಳಿಸಲು 1893ರಲ್ಲಿ ಹುಟ್ಟಿದ ಗೇಲಿಕ್ ಲೀಗಿನವರು ಮುಂದೆ ಸೆಟ್ಟನ್ನು ಪರದೇಶಿಯೆಂದು ದೂರವಿಟ್ಟರು. ಆ ತೀರ್ಮಾನ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದು ಊರಿನ ಮಣ್ಣಿನಲ್ಲಿ ಮೂರು ತಲೆಮಾರು ಕುಣಿದ ಮೇಲೆ ಆ ಕುಣಿತ ಎಲ್ಲಿಂದ ಬಂತೆಂದು ಯಾಕೆ ಕೇಳಬೇಕು?

ದೊಡ್ಡ ಏಟು ಬಿದ್ದದ್ದು 1935ರಲ್ಲಿ. ಆ ವರ್ಷದ ಸಾರ್ವಜನಿಕ ನೃತ್ಯಶಾಲೆಗಳ ಕಾಯ್ದೆ, ಸಾರ್ವಜನಿಕವಾಗಿ ಕುಣಿಯುವ ಜಾಗಕ್ಕೆ ಜಿಲ್ಲಾ ನ್ಯಾಯಾಲಯದ ಪರವಾನಗಿ ಬೇಕೆಂದಿತು. ಮನೆಯ ಅಡುಗೆಮನೆಗೆ ಅದು ಅನ್ವಯಿಸುತ್ತಿತ್ತೇ ಎಂಬುದು ಚರ್ಚೆಯ ವಿಷಯ. ಆದರೆ ಪಾದ್ರಿಗಳೂ ಪೊಲೀಸರೂ ಅನ್ವಯಿಸುತ್ತದೆಂದೇ ನಡೆದುಕೊಂಡರು. ಮನೆಗಳಲ್ಲಿ ಕುಣಿತ ಕುಗ್ಗಿತು. ಪಾದ್ರಿಗಳ ಉಸ್ತುವಾರಿಯಲ್ಲಿ, ದುಡ್ಡು ಕೊಟ್ಟು ಒಳಹೋಗುವ ಹಾಲ್‌ಗಳು ಎದ್ದವು. ಅಷ್ಟು ದೊಡ್ಡ ಜಾಗಕ್ಕೆ ಒಬ್ಬ ಪಿಟೀಲಿನವನ ದನಿ ಸಾಲದು. ಪಿಟೀಲು, ಕೊಳಲು, ಅಕಾರ್ಡಿಯನ್, ಪಿಯಾನೊ, ಡ್ರಮ್ ಸೇರಿದ ಕೇಲಿ ಬ್ಯಾಂಡುಗಳಿಗೆ ಕಾಲ ಬಂತು. ಕ್ಲೇರ್‌ನ ಕಿಲ್‌ಫೆನೋರ ಬ್ಯಾಂಡು 1909ರಷ್ಟು ಹಳೆಯದು, ಟುಲ್ಲ ಬ್ಯಾಂಡು 1946ರದು, ಎರಡೂ ಹೆಸರುವಾಸಿಯಾದವು. ಮಿಲ್‌ಟೌನ್ ಪಕ್ಕದ ಮುಲ್ಲ ಎಂಬಲ್ಲಿ ಜೂನಿಯರ್ ಕ್ರೆಹನ್ ಎಂಬ ರೈತ-ಪಿಟೀಲುಗಾರರಿದ್ದರು (1908–1998). ಮನೆಗಳ ಕುಣಿತವೇ ತಮ್ಮ ಪಾಲಿಗೆ ಶಾಲೆಯಾಗಿತ್ತು, ಆ ಶಾಲೆಯನ್ನು ಮುಚ್ಚಿಸಿ ನಮ್ಮನ್ನು ಬಡವರನ್ನಾಗಿ ಮಾಡಿದರು ಎಂಬ ಸಂಕಟ ಅವರಿಗೆ ಕೊನೆಯತನಕ ಇತ್ತು. ಬೇಸಿಗೆ ಶಾಲೆ ಕಟ್ಟಿದ ಗೆಳೆಯರಲ್ಲಿ ಅವರೂ ಒಬ್ಬರು. ಅವರು ಕಟ್ಟಿದ ಮಿಸ್ಟ್ ಕವರ್ಡ್ ಮೌಂಟನ್ ಎಂಬ ಜಿಗ್ಗನ್ನು ಆ ವಾರದಲ್ಲಿ ಎಷ್ಟೋ ಬಾಗಿಲುಗಳಿಂದ ಕೇಳಿದೆ. ಮುಲ್ಲದ ಕಡೆ ಹೋಗುವಾಗ ಮಂಜು ಕವಿದ ಗುಡ್ಡವೂ ಕಾಣಿಸಿತು.

ಕುಣಿಯುವವರಿಂದ ಸಂಗೀತ ದೂರವಾಗಲು ಕಾಯ್ದೆಯೊಂದೇ ಕಾರಣವಲ್ಲ. ಹಸಿವು, ಹಡಗು, ಗ್ರಾಮಫೋನ್ ಕೂಡ ಸೇರಿವೆ. ಕಾರ್ಕ್ ಕೌಂಟಿಯಿಂದ ಹೊರಟು ಶಿಕಾಗೊ ನಗರದ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಒನೀಲ್, ತನ್ನಂತೆಯೇ ದೇಶ ಬಿಟ್ಟು ಬಂದವರ ನೆನಪಿನಿಂದ 1,850 ಮಟ್ಟುಗಳನ್ನು ಹೆಕ್ಕಿ 1903ರಲ್ಲಿ ಅಚ್ಚುಹಾಕಿಸಿದ. 1907ರಲ್ಲಿ 1,001 ಕುಣಿತದ ಮಟ್ಟುಗಳ ಇನ್ನೊಂದು ಪುಸ್ತಕ. ಐರ್ಲೆಂಡಿನ ಪಿಟೀಲುಗಾರರು ಈ ಪುಸ್ತಕವನ್ನು ಬೈಬಲ್ಲಿನ ಮರ್ಯಾದೆಯಿಂದ ಕಾಣುತ್ತಾರೆ. ಸ್ಲೈಗೊ ಕೌಂಟಿಯ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ರೀಲ್‌ಗಳು 78 ಆರ್‌ಪಿಎಂ ತಟ್ಟೆಗಳಾಗಿ ಊರಿಗೆ ಬಂದವು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಆ ಸೂಜಿಯ ಸುತ್ತ ಕೂತು ಜನ ರೀಲನ್ನು ಕುಣಿಯದೆ, ಬರೀ ಕೇಳಿದರು. ಮತ್ತೆ ಮತ್ತೆ ಕೇಳಿ, ಕೋಲ್ಮನ್‌ನ ಪ್ರತಿ ಹೊರಳನ್ನೂ ಕಲಿತರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿಗೆ ದುಡಿಯಲು ಹೋದವರು ಕ್ಯಾಮ್ಡನ್ ಟೌನಿನ ಪಬ್‌ಗಳಲ್ಲಿ ಮೇಜಿನ ಸುತ್ತ ಕೂತು ನುಡಿಸಿದರು. ಇಂದು ಲೋಕವೆಲ್ಲ ಐರಿಷ್ ಸಂಗೀತವೆಂದು ಗುರುತಿಸುವ ಸೆಷನ್ ಬೆಳೆದದ್ದು ಹೀಗೆ.

ಮಿಲ್‌ಟೌನ್‌ನ ರಾತ್ರಿಗಳು ಸೆಷನ್ನಿನವು. ಪಬ್ಬಿನ ಮೂಲೆಯಲ್ಲಿ ಒಂದು ಮೇಜು, ಸುತ್ತ ಹತ್ತು ಹನ್ನೆರಡು ಮಂದಿ, ಹಿಂದೆ ಗೋಡೆಗೊರಗಿ ನಿಂತ ನಾವು. ವೇದಿಕೆಯಿಲ್ಲ, ಮೈಕಿಲ್ಲ. ಯಾರೋ ಒಬ್ಬರು ಶುರುಮಾಡುತ್ತಾರೆ; ಗೊತ್ತಿದ್ದವರು ಎರಡನೆಯ ಆವರ್ತಕ್ಕೇ ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ವಾದ್ಯವನ್ನು ಮಡಿಲಲ್ಲಿಟ್ಟು ಕೇಳುತ್ತಾರೆ. ಒಂದು ರೀಲನ್ನು ಎರಡು ಮೂರು ಸಲ ನುಡಿಸಿ, ಉಸಿರು ಬಿಡದೆ ಇನ್ನೊಂದಕ್ಕೆ ದಾಟುವಾಗ ಮೇಜಿನ ಸುತ್ತ ಒಂದು ಕೂಗು ಏಳುತ್ತದೆ. ಮಧ್ಯೆ ಯಾರಾದರೂ ಸ್ಲೋ ಏರ್ ನುಡಿಸಿದರೆ ಗ್ಲಾಸಿನ ಸದ್ದೂ ನಿಲ್ಲುತ್ತದೆ. ಅದು ಹಾಡಿನ ಮಟ್ಟು. ಹಳೆಯ ಐರಿಷ್ ಹಾಡಿನ ಪದಗಳನ್ನು ಬಿಟ್ಟು ರಾಗವನ್ನಷ್ಟೇ ವಾದ್ಯಕ್ಕಿಳಿಸಿದ್ದು. ಅದಕ್ಕೆ ಎಂಟಿಲ್ಲ, ನಾಲ್ಕಿಲ್ಲ. ಇಲನ್ ಪೈಪ್ಸ್‌ನಲ್ಲಿ ಕೇಳಿದಾಗ ಆಲಾಪನೆ ಬಲ್ಲ ಕಿವಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಎಂಟನ್ನು ಲೆಕ್ಕಕ್ಕಿಡದ ಇನ್ನೊಂದು ದೊಡ್ಡ ಸಂಗೀತವೂ ಈ ದೇಶದಲ್ಲಿತ್ತು. ಹಾರ್ಪ್ ಎಂಬ ತಂತಿವಾದ್ಯದ್ದು. ಟರ್ಲಾ ಓಕ್ಯಾರೊಲನ್ (1670–1738) ಹದಿನೆಂಟರಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡು, ಹಾರ್ಪ್ ಕಲಿತು, ಕುದುರೆಯೇರಿ ಜಮೀನುದಾರರ ಮನೆಯಿಂದ ಮನೆಗೆ ಹೋಗಿ, ಆಯಾ ಮನೆಯವರ ಹೆಸರಿನಲ್ಲಿ ಕೃತಿ ಕಟ್ಟಿದ. ಇನ್ನೂರಕ್ಕೂ ಹೆಚ್ಚು ಉಳಿದಿವೆ. ಕೆಲವದರಲ್ಲಿ ಇಟಲಿಯ ಸಂಗೀತದ ಗಾಳಿ ಸುಳಿದಿದೆ. ಆದರೆ ಆ ದೊಡ್ಡ ಮನೆಗಳು ಉರುಳಿದ ಹಾಗೆ ಹಾರ್ಪ್‌ನವರೂ ಇಲ್ಲವಾದರು. 1792ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಉಳಿದವರನ್ನೆಲ್ಲ ಕರೆದು ಸೇರಿಸಿದಾಗ ಐರ್ಲೆಂಡಿನಿಂದ ಬಂದವರು ಹತ್ತೇ ಮಂದಿ. ಹತ್ತೊಂಬತ್ತರ ಹರೆಯದ ಎಡ್ವರ್ಡ್ ಬಂಟಿಂಗ್ ಅವರ ಬೆರಳಿಂದ ಬಂದದ್ದನ್ನು ಬರೆದುಕೊಂಡ. ಅದಿಲ್ಲದಿದ್ದರೆ ಎಷ್ಟೋ ಮಟ್ಟುಗಳು ಅಲ್ಲಿಗೇ ಮುಗಿಯುತ್ತಿದ್ದವು. ಧಣಿಯ ಊಟದ ಮೇಜನ್ನು ನೆಚ್ಚಿದ ಸಂಗೀತ ಹಾಗೆ ಬತ್ತಿಹೋಗುತ್ತಿದ್ದ ಕಾಲಕ್ಕೇ ಬಡವರ ಅಡುಗೆಮನೆಯಲ್ಲಿ ರೀಲ್ ಬೇರೂರುತ್ತಿತ್ತು. ಕ್ಯಾರೊಲನ್‌ನ ಕೃತಿಗಳನ್ನು ನಾನು ತುಂಬ ಪ್ರೀತಿಯಿಂದ ಕೇಳುತ್ತೇನೆ. ಆದರೂ ಬದುಕಿ ಬಂದದ್ದು ಯಾವುದು, ಯಾರ ಆಸರೆಯಲ್ಲಿ ಎಂದು ಕೇಳಿದರೆ ಉತ್ತರ ನೆಲದ ಮೇಲಿದೆ.

ಹಾಗಾದರೆ ಮೇಜಿನ ಸುತ್ತ ಕೂತ ಸಂಗೀತ ತನ್ನ ಆಸರೆಯನ್ನು ಬಿಟ್ಟು ಬಂದದ್ದೇ? ಕೇಲಿಗೆ ಹೋಗುವ ತನಕ ಈ ಪ್ರಶ್ನೆ ನನ್ನ ಜೊತೆಗೇ ಇತ್ತು.

ಕೇಲಿ ಎಂದರೆ ಹಾಲ್‌ನಲ್ಲಿ ನಡೆಯುವ ಕುಣಿತದ ರಾತ್ರಿ. ಗೋಡೆಯ ಪಕ್ಕ ಕುರ್ಚಿ, ವೇದಿಕೆಯ ಮೇಲೆ ಬ್ಯಾಂಡು, ನಡುವೆ ಮರದ ನೆಲ. ಸೆಟ್ಟಿನ ಹೆಸರು ಕೂಗಿದರು: ಕ್ಯಾಲೆಡೋನಿಯನ್. ಕ್ಲೇರ್‌ನವರಿಗೆ ಇದು ಹುಟ್ಟಿನಿಂದ ಬಂದ ಕುಣಿತ. ಕ್ಷಣದಲ್ಲಿ ನೆಲದ ತುಂಬ ಚೌಕಗಳು. ಎಪ್ಪತ್ತು ದಾಟಿದ ರೈತರ ಎದುರು ಹದಿನಾರರ ಹುಡುಗಿಯರು. ಟಿ.ವಿ.ಯಲ್ಲಿ ರಿವರ್‌ಡ್ಯಾನ್ಸ್ ನೋಡಿ, ಕೈ ಮೈಗಂಟಿಸಿ ಮೇಲಕ್ಕೆ ಹಾರುವುದೇ ಐರಿಷ್ ಕುಣಿತವೆಂದು ತಿಳಿದಿದ್ದ ನನ್ನ ತಂಗಿಯ ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಇಲ್ಲಿ ಯಾರೂ ಹಾರಲಿಲ್ಲ. ಮೈ ನೇರ, ಭುಜ ಸಡಿಲ, ಪಾದ ನೆಲಕ್ಕೆ ಅಂಟಿಕೊಂಡೇ ಹಿಮ್ಮಡಿಯಿಂದಲೂ ತುದಿಯಿಂದಲೂ ಸಣ್ಣಸಣ್ಣ ಪೆಟ್ಟು. ಇದಕ್ಕೆ ಬ್ಯಾಟರಿಂಗ್ ಎನ್ನುತ್ತಾರೆ. ಒಬ್ಬಿಬ್ಬರದು ಕೇಳಿಸದು, ಹಾಲ್ ಪೂರ್ತಿ ಒಟ್ಟಿಗೆ ಬಡಿದಾಗ ಕಿಟಕಿಯ ಗಾಜು ಅದಿರಿತು. ಜೋಡಿಗಳು ಒಬ್ಬರ ಸೊಂಟ ಒಬ್ಬರು ಹಿಡಿದು ಚೌಕದ ಸುತ್ತ ತಿರುಗುತ್ತ ಹೋಗಿ, ಎಂಟನೆಯ ಆವರ್ತ ಮುಗಿಯುವ ಹೊತ್ತಿಗೆ ಸರಿಯಾಗಿ ತಮ್ಮ ಜಾಗಕ್ಕೆ ಬಂದು ನಿಂತರು. ಯಾರೂ ಎಣಿಸುತ್ತಿರಲಿಲ್ಲ. ಮಟ್ಟೇ ಅವರನ್ನು ಮನೆಗೆ ತಲುಪಿಸುತ್ತಿತ್ತು.

ಬ್ಯಾಂಡಿನವರ ಕಣ್ಣು ವಾದ್ಯದ ಮೇಲಿರಲಿಲ್ಲ, ಕುಣಿಯುವವರ ಪಾದದ ಮೇಲಿತ್ತು. ಪಬ್ಬಿನಲ್ಲಿ ಮಿಂಚಿನಂತೆ ಓಡಿದ್ದ ಅದೇ ರೀಲ್ ಇಲ್ಲಿ ಹಿಮ್ಮಡಿ ಇಳಿಯಲು ಸಮಯ ಕೊಟ್ಟು ಓಡುತ್ತಿತ್ತು. ಪಬ್ಬಿನಲ್ಲಿ ಮಟ್ಟಿಗೆ ಅಲಂಕಾರ ಹೆಚ್ಚು. ಇಲ್ಲಿ ಒತ್ತು ಹೆಚ್ಚು.

ಸೆಟ್ 1980ರ ದಶಕದಲ್ಲಿ ಮತ್ತೆ ತಲೆಯೆತ್ತಿತು. ಹಳ್ಳಿಯ ಮುದುಕರಿಂದ ಹೆಜ್ಜೆ ಕೇಳಿಕೊಂಡು ಪಾಠ ಹೇಳಿಕೊಟ್ಟವರು ಹಲವರು; ಈ ಬೇಸಿಗೆ ಶಾಲೆಯಲ್ಲಿ ಜೋ ಮತ್ತು ಶಿವಾನ್ ಒಡೊನವನ್ ದಂಪತಿಗಳ ಪಾಠ ಆ ಅಲೆಗೆ ದೊಡ್ಡ ಬಲ ಕೊಟ್ಟಿತು. ಲಬಶೀಡದ ಡ್ಯಾನ್ ಫ್ಯೂರಿಯಂಥ ಹಳೆಯ ಮೇಷ್ಟ್ರುಗಳನ್ನು ಹುಡುಕಿಕೊಂಡು ಹೋಗಿ ಕಲಿತವರಿದ್ದಾರೆ.

ಕೂತು ನುಡಿಸುವುದು ನಷ್ಟವೇ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಪೂರ್ವ ಕ್ಲೇರ್‌ನ ಮಾರ್ಟಿನ್ ಹೇಯ್ಸ್ ಅವರ ಪಿಟೀಲು. ಅವರ ತಂದೆ ಪಿ. ಜೋ ಹೇಯ್ಸ್ ಟುಲ್ಲ ಬ್ಯಾಂಡಿನ ನಾಯಕರಾಗಿದ್ದರು. ಮಗ ಹದಿಹರೆಯದಲ್ಲೇ ಆ ಬ್ಯಾಂಡಿನಲ್ಲಿ ಕುಣಿಯುವವರಿಗಾಗಿ ನುಡಿಸಿ ಬೆಳೆದರು. ಮುಂದೆ ಗಿಟಾರಿನ ಡೆನಿಸ್ ಕಾಹಿಲ್ ಜೊತೆ ಸೇರಿ ಅವೇ ರೀಲ್‌ಗಳನ್ನು ಯಾರೂ ಊಹಿಸದಷ್ಟು ನಿಧಾನಕ್ಕಿಳಿಸಿದರು. 1997ರ ದ ಲೋನ್‌ಸಮ್ ಟಚ್ ಎಂಬ ಧ್ವನಿಮುದ್ರಣ ಕೇಳಿದರೆ, ಕುಣಿತದ ಮಟ್ಟಿನೊಳಗೆ ಇಷ್ಟೊಂದು ದುಃಖ ಇತ್ತೇ ಅನ್ನಿಸುತ್ತದೆ. ಆದರೆ ಅಷ್ಟು ನಿಧಾನದಲ್ಲೂ ಕಮಾನು ಎಲ್ಲಿ ಊರಬೇಕೋ ಅಲ್ಲೇ ಊರುತ್ತದೆ. ಹುಡುಗನಾಗಿದ್ದಾಗ ಸಾವಿರ ಹಿಮ್ಮಡಿ ನೋಡಿದ ಕೈ ಅದು. ನೆಲವನ್ನು ಕಾಣದೆ, ತಟ್ಟೆ ಮತ್ತು ಪರದೆಯಿಂದಲೇ ಕಲಿತವರ ನುಡಿಸಾಣಿಕೆಯಲ್ಲಿ ವೇಗವಿದೆ, ಸ್ವಚ್ಛತೆಯಿದೆ, ಈ ಊರುವಿಕೆ ಇಲ್ಲ. ನಮ್ಮಲ್ಲಿ ಈಚೆಗೆ ಹಿಮ್ಮೇಳವನ್ನಷ್ಟೇ ಕೂರಿಸಿ ಯಕ್ಷಗಾನದ ಗಾನವೈಭವ ನಡೆಸುತ್ತಾರೆ. ನಾನೂ ಆಸೆಯಿಂದ ಹೋಗಿ ಕೂರುತ್ತೇನೆ. ಅಲ್ಲಿಯೂ, ಆಟದ ರಾತ್ರಿಗಳಲ್ಲಿ ವೇಷದ ಕಾಲು ನೋಡಿ ಪೆಟ್ಟು ಹಾಕಿದ ಮದ್ದಳೆಗಾರರ ಕೈ ಬೇರೆಯೇ ಕೇಳಿಸುತ್ತದೆ. ಆದ್ದರಿಂದ ಪಿಟೀಲು ಕಲಿಯುವ ಪ್ರತಿ ಮಗುವನ್ನೂ ವಾರಕ್ಕೊಮ್ಮೆಯಾದರೂ ಕುಣಿಯಲು ಕಳಿಸಬೇಕು ಎಂದು ಆ ಮೇಷ್ಟ್ರಿಗೆ ಹೇಳಿದೆ. ಅವರು ತಮ್ಮ ಮಕ್ಕಳನ್ನು ಕಳಿಸುತ್ತಾರೆಂದೂ, ಎಲ್ಲರೂ ಕಳಿಸುವುದಿಲ್ಲವೆಂದೂ ಹೇಳಿದರು.

ಮಿಲ್‌ಟೌನ್‌ನಿಂದ ನಾವು ದಕ್ಷಿಣಕ್ಕೆ ಹೊರಟೆವು. ಕಿಲಿಮರ್‌ನಲ್ಲಿ ಕಾರನ್ನು ಫೆರಿಗೆ ಹತ್ತಿಸಿ ಶ್ಯಾನನ್ ನದಿಯ ಅಗಲವಾದ ಅಳಿವೆ ದಾಟಿದರೆ ಆಚೆ ಕೆರ್ರಿ. ನೀರು ದಾಟಿದ್ದೇ ಮಟ್ಟೂ ಬದಲಾಗುತ್ತದೆ. ಕೆರ್ರಿ-ಕಾರ್ಕ್ ಗಡಿಯ ಸ್ಲೀವ್ ಲೂಕ್ರ ಸೀಮೆಯಲ್ಲಿ ರೀಲಿಗಿಂತ ಪೋಲ್ಕಾ, ಸ್ಲೈಡ್ ಮೆಚ್ಚು. ಪೋಲ್ಕಾ ಬೊಹೆಮಿಯಾದಲ್ಲಿ ಹುಟ್ಟಿ, ಯುರೋಪಿನ ಸಭೆಗಳನ್ನೆಲ್ಲ ಸುತ್ತಿ, ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಎರಡರ ನಡೆ. ಸ್ಲೈಡ್ ಎಂದರೆ ಜಿಗ್ಗನ್ನು ಉದ್ದಕ್ಕೆ ಜಾರಿಸಿದಂತೆ ಓಡುವ ಮೂರರ ನಡೆ. ಪಾಡ್ರಿಗ್ ಒಕೀಫ್ (1887–1963) ಎಂಬ ಪಿಟೀಲು ಮೇಷ್ಟ್ರು ಗುಡ್ಡಗಾಡಿನಲ್ಲಿ ಮನೆಮನೆಗೆ ನಡೆದು, ತನ್ನದೇ ಲಿಪಿಯಲ್ಲಿ ಕಾಗದದ ಚೂರುಗಳ ಮೇಲೆ ಮಟ್ಟು ಬರೆದುಕೊಟ್ಟು ಕಲಿಸಿದ ಸೀಮೆಯಿದು. ಅವರ ಶಿಷ್ಯ ಡೆನಿಸ್ ಮರ್ಫಿಯೂ ಅಕಾರ್ಡಿಯನ್‌ನ ಜಾನಿ ಓಲೀರಿಯೂ (1923–2004) ನಾಕ್‌ನಗ್ರೀ ಹಳ್ಳಿಯ ಡ್ಯಾನ್ ಒಕಾನೆಲ್ ಅವರ ಪಬ್ಬಿನಲ್ಲಿ ಕುಣಿಯುವವರಿಗೆಂದು ನುಡಿಸಿದರು. ಮರ್ಫಿ ತೀರಿಕೊಂಡ ಮೇಲೂ ಓಲೀರಿ ವರ್ಷಗಟ್ಟಲೆ ಅದನ್ನು ನಡೆಸಿಕೊಂಡು ಬಂದರು. ಉಳಿದೆಡೆ ಸಂಗೀತ ಕುರ್ಚಿ ಹಿಡಿದ ಕಾಲದಲ್ಲೂ ಇಲ್ಲಿ ಅದು ನೆಲ ಬಿಡಲಿಲ್ಲ.

ಆ ಸೀಮೆಯ ಒಂದು ಪಬ್ಬಿನಲ್ಲಿ ರಾತ್ರಿ ಊಟಕ್ಕೆ ನಿಂತೆವು. ಮೂಲೆಯಲ್ಲಿ ಒಬ್ಬರು ಅಕಾರ್ಡಿಯನ್ ತೆಗೆದು ಪೋಲ್ಕಾ ಹಿಡಿದರು. ಮೊದಲ ಎಂಟು ಮುಗಿಯುವ ಮುಂಚೆಯೇ ಊಟದ ತಟ್ಟೆ ಬಿಟ್ಟು ಆರು ಮಂದಿ ಎದ್ದು ಮೇಜುಗಳನ್ನು ಸರಿಸಿದರು. ಚೌಕಕ್ಕೆ ಇನ್ನೂ ಒಂದು ಜೋಡಿ ಬೇಕಿತ್ತು. ಒಬ್ಬ ಹೆಂಗಸು ನಮ್ಮ ಮೇಜ ಬಳಿಗೆ ಬಂದು ಕೈ ಚಾಚಿದಳು. "ದೊಡ್ಡಮ್ಮ, ನಂಗೆ ಹೆಜ್ಜೆ ಬರಲ್ಲ," ಎಂದು ತಂಗಿಯ ಮಗಳು ನನ್ನ ಮುಖ ನೋಡಿದಳು. ಬಲಗಾಲಿನಿಂದ ಶುರುಮಾಡು, ಉಳಿದದ್ದನ್ನು ಅವರು ಹೇಳಿಕೊಡುತ್ತಾರೆ ಎಂದು ಅವಳನ್ನೆಬ್ಬಿಸಿ, ನಾನೂ ಎದ್ದೆ.